ಚಂದ್ರಿಯನ್ನು ನೋಡುತ್ತಿರುವವರು ಯಾರು?

ಕಾದಂಬರಿಯೊಂದು ಸಿನಿಮಾ ಆದಾಗ ನಮ್ಮಲ್ಲಿ ನಡೆಯುವ ಚರ್ಚೆ ಬಹುತೇಕ ಒಂದೇ ಬಗೆಯದು: ಯಾವ ಪ್ರಸಂಗ ಬಿಟ್ಟರು, ಕೊನೆಯನ್ನು ಏಕೆ ತಿದ್ದಿದರು. ಕಥೆ ಈಗ ಯಾರ ಕಣ್ಣಿನಿಂದ ಕಾಣುತ್ತಿದೆ ಎಂದು ಕೇಳುವವರು ಕಡಿಮೆ. ಆ ಪ್ರಶ್ನೆಯನ್ನಿಟ್ಟುಕೊಂಡು ‘ಸಂಸ್ಕಾರ’ಕ್ಕೆ ಮರಳಿದರೆ ಎಷ್ಟೊಂದು ಹೊಳೆಯುತ್ತದೆ!

ಅನಂತಮೂರ್ತಿಯವರ ಕಾದಂಬರಿ ಬಂದದ್ದು 1965ರಲ್ಲಿ, ಪಟ್ಟಾಭಿರಾಮ ರೆಡ್ಡಿಯವರ ಚಿತ್ರ 1970ರಲ್ಲಿ. ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರಾಗಿ ನಟಿಸಿದವರು ಗಿರೀಶ ಕಾರ್ನಾಡರು. ಕಥೆ ಹೆಚ್ಚುಕಡಿಮೆ ಅದೇ. ಆಚಾರ ಮುರಿದು ಬದುಕಿದ ಬ್ರಾಹ್ಮಣ ನಾರಣಪ್ಪ ಸತ್ತಿದ್ದಾನೆ, ಹೆಣಕ್ಕೆ ಗತಿ ಕಾಣಿಸುವವರಿಲ್ಲ, ಅಗ್ರಹಾರವೆಲ್ಲ ಆಚಾರ್ಯರ ಮುಖ ನೋಡುತ್ತಿದೆ.

ಕಾದಂಬರಿಯ ನಿರೂಪಕ ಒಬ್ಬರ ಮನಸ್ಸಿನಿಂದ ಇನ್ನೊಬ್ಬರ ಮನಸ್ಸಿಗೆ ಸಲೀಸಾಗಿ ಹೋಗಿಬರುತ್ತಾನೆ. ಒಬ್ಬನ ಚಿನ್ನದಾಸೆ, ಇನ್ನೊಬ್ಬನ ಹಸಿವು ಎಲ್ಲವೂ ಒಳಗಿನಿಂದಲೇ ತಿಳಿಯುತ್ತವೆ. ಕೊನೆಯ ಭಾಗದಲ್ಲಿ ಉಳಿಯುವುದು ಆಚಾರ್ಯರ ಮನಸ್ಸೊಂದೇ. ದಾರಿಯಲ್ಲಿ ಜೊತೆಯಾದ ಮಾಲೇರ ಪುಟ್ಟನೊಂದಿಗೆ ಮೇಳಿಗೆಯ ಜಾತ್ರೆಗೆ ಹೋಗುವಾಗ ಹೊರಗೆ ಘಟಿಸುವುದು ಅತ್ಯಲ್ಪ, ಒಳಗೆ ಒಂದು ಬದುಕೇ ಕುಸಿಯುತ್ತಿರುತ್ತದೆ. ಯೋಚನೆ ಆಚಾರ್ಯರದೋ ನಿರೂಪಕನದೋ ಹೇಳಲಾಗದಷ್ಟು ಬೆರೆತುಹೋಗಿರುತ್ತದೆ. ಕ್ಯಾಮೆರಾಕ್ಕೆ ಈ ಬೆರಕೆ ದಕ್ಕದು. ಕಾರ್ನಾಡರ ಮುಖ ಎಷ್ಟೇ ನುಡಿದರೂ ತೆರೆಯ ಮುಂದೆ ಕೂತ ನಾವು ಅವರ ಪಕ್ಕದಲ್ಲಿ ನಡೆಯುವ ಪುಟ್ಟಂದಿರು. ಇದು ನಷ್ಟ, ದೊಡ್ಡ ನಷ್ಟ.

ಆದರೆ ನಾರಣಪ್ಪನ ಜೊತೆ ಬಾಳಿದ ಚಂದ್ರಿಯ ವಿಷಯಕ್ಕೆ ಬನ್ನಿ. ಕಾದಂಬರಿಯಲ್ಲಿ ಅವಳು ಬಹುಮಟ್ಟಿಗೆ ಅಗ್ರಹಾರದವರ ನೋಟದ ಮೂಲಕ ಕಾಣುತ್ತಾಳೆ. ದುರ್ಗಾಭಟ್ಟನಿಗೆ ಅವಳು ರವಿವರ್ಮನ ಮತ್ಸ್ಯಗಂಧಿ, ಹೆಂಗಸರ ಕಣ್ಣಿಗೆ ಮೈಮೇಲಿನ ಒಡವೆ, ಕಾಡಿನಲ್ಲಿ ಅವಳೊಂದಿಗೆ ಕೂಡಿದ ಇರುಳಿನ ನಂತರ ಆಚಾರ್ಯರಿಗೆ ಬಿಡಿಸಲಾಗದ ಪ್ರಶ್ನೆ. ನಿರೂಪಕ ಅವಳ ಮನಸ್ಸನ್ನು ಹೊಕ್ಕರೂ ಅಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಚಿತ್ರದಲ್ಲಿ ಸ್ನೇಹಲತಾ ರೆಡ್ಡಿ ಬಂದು ನಿಂತರೆ ಸಾಕು, ನಡುವೆ ನಿಂತಿದ್ದ ಆ ಹೋಲಿಕೆಗಳೆಲ್ಲ ಸರಿದುಹೋಗುತ್ತವೆ. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯದವರು. ಮಡಿ ಮೈಲಿಗೆಯ ಅಭ್ಯಾಸವಿಲ್ಲದ ಆ ಕಣ್ಣಿಗೆ ಆಚಾರ್ಯರೂ ಚಂದ್ರಿಯೂ ಇಬ್ಬರು ಮನುಷ್ಯರು ಅಷ್ಟೆ. ಕಾದಂಬರಿಯಲ್ಲಿ ಆಚಾರ್ಯರ ಪರೀಕ್ಷೆಗೆ ಒದಗಿಬಂದವಳಂತೆ ತೋರುವ ಹೆಣ್ಣು ಇಲ್ಲಿ ತನ್ನದೇ ದುಃಖವುಳ್ಳವಳು.

ಅನಂತಮೂರ್ತಿಯವರದೇ ಕಥೆ ‘ಘಟಶ್ರಾದ್ಧ’ ಕಾಸರವಳ್ಳಿಯವರ ಕೈಯಲ್ಲಿ 1977ರಲ್ಲಿ ಚಿತ್ರವಾದಾಗ ಒಳಮನಸ್ಸು ಕೈತಪ್ಪುವ ಆ ನಷ್ಟವೇ ಆಗಲಿಲ್ಲ. ಅಲ್ಲಿ ಸಾಕ್ಷಿ ಪುಟ್ಟ ಹುಡುಗ ನಾಣಿ. ಅವನು ತರ್ಕಿಸುವವನಲ್ಲ, ನೋಡುವವನು. ವಿಧವೆ ಯಮುನಕ್ಕನಿಗೆ ಏನಾಗುತ್ತಿದೆಯೆಂದು ಅವನಿಗೆ ತಿಳಿಯದು, ನಮಗೆ ತಿಳಿಯುತ್ತದೆ. ಆ ಅಂತರವನ್ನು ಹಿಡಿಯಲು ಕ್ಯಾಮೆರಾಕ್ಕಿಂತ ತಕ್ಕ ಸಾಧನವಿಲ್ಲ.

‘ಸಂಸ್ಕಾರ’ ಕಾದಂಬರಿ ಕೊನೆಗೂ ಆಚಾರ್ಯರದು, ಚಿತ್ರ ಚಂದ್ರಿಯದೂ ಹೌದು ಎಂಬುದು ನನ್ನ ಖಚಿತ ಅಭಿಪ್ರಾಯ. ಓದಿದವರು ಚಿತ್ರವನ್ನು ಇನ್ನೊಮ್ಮೆ ನೋಡಿ. ಅವಳು ತೆರೆಗೆ ಬಂದಾಗಲೆಲ್ಲ ಅವಳನ್ನು ನೋಡುತ್ತಿರುವವರು ಯಾರೆಂದು ದಯವಿಟ್ಟು ಗಮನಿಸಿ.