ಗಾರ್ಮೆಂಟ್ಸ್ ಕಾರ್ಖಾನೆಯೂ ಬಾಡಿಗೆ ತಾಯ್ತನವೂ
ಸಮಾಜಶಾಸ್ತ್ರಜ್ಞೆ ಶರ್ಮಿಳಾ ರುದ್ರಪ್ಪನವರ ‘ಡಿಸ್ಕೌಂಟೆಡ್ ಲೈಫ್’ (2015) ಎಂಬ ಇಂಗ್ಲಿಷ್ ಗ್ರಂಥವು ಬೆಂಗಳೂರಿನ ಬಾಡಿಗೆ ತಾಯಂದಿರನ್ನು ಕುರಿತದ್ದು. ಇವರಲ್ಲಿ ಅನೇಕರು ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿದವರು. ಮೂಡಲಪಾಳ್ಯದ ನಿವಾಸಿಯಾದ ಈ ಲೇಖಕನಿಗೆ, ಮುಂಜಾನೆ ಬುತ್ತಿ ಹಿಡಿದು ಹೊಲಿಗೆಯ ಕೆಲಸಕ್ಕೆ ಧಾವಿಸುವ ಹೆಂಗಸರು ಅಪರಿಚಿತರಲ್ಲ.

ಪರರ ಕೂಸನ್ನು ಹೊರುವುದು ಕಾರ್ಖಾನೆಯ ದುಡಿಮೆಗಿಂತ ಮೇಲೆಂದೂ ಹೆಚ್ಚು ಅರ್ಥವುಳ್ಳದ್ದೆಂದೂ ಆ ತಾಯಂದಿರೇ ಭಾವಿಸಿದರೆಂಬುದು ಗ್ರಂಥದ ಮುಖ್ಯ ಶೋಧ. ಅವರ ಮಾತನ್ನು ಅಜ್ಞಾನವೆಂದು ತಳ್ಳಿಹಾಕದಿರುವುದು ಲೇಖಕಿಯವರ ದೊಡ್ಡ ಗುಣ. ಆದರೆ ಯಾವುದರ ಮುಂದೆ ಇದು ಮೇಲು? ಹೊಲಿಗೆಯಂತ್ರದ ಬಳಿ ದೊರೆಯುವ ಕೂಲಿಯೂ ಮರ್ಯಾದೆಯೂ ಅತ್ಯಲ್ಪವಾದಲ್ಲಿ ಒಂಬತ್ತು ತಿಂಗಳ ಗರ್ಭಭಾರವೂ ವಿಶ್ರಾಂತಿಯೆನಿಸೀತು. ಆದುದರಿಂದ ಆ ಮಾತನ್ನು ಕಾರ್ಖಾನೆಯ ಮೇಲಿನ ದೂರೆಂದೇ ಓದತಕ್ಕದ್ದು.

ಇತಿಹಾಸದ ವಿದ್ಯಾರ್ಥಿಗಳು ಇದರೊಡನೆ 1930ನೆಯ ಇಸವಿಯನ್ನೂ ನೆನೆಯಬೇಕು. ಆ ವರ್ಷ ಮೈಸೂರು ಸರ್ಕಾರವು ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞಾಪಿಸಿತು. 1950ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ರಾಮನಗರದಲ್ಲಿ ಪ್ರಯೋಗವೊಂದು ನಡೆದು, ದಿನಗಳನ್ನೆಣಿಸಲು ಹೆಂಗಸರ ಕೈಗೆ ಬಣ್ಣದ ಮಣಿಗಳ ಸರ ಬಂದಿತು. ಬಡವರ ಹೆರಿಗೆಗಳನ್ನು ತಗ್ಗಿಸಲು ಇಷ್ಟು ಶ್ರಮಿಸಿದ ನಾಡಿನಲ್ಲಿಯೇ ಮುಂದೆ ಅವರು ಹಣವಂತರಿಗಾಗಿ ಹೆರುವಂತಾಯಿತು.

2021ರ ಬಾಡಿಗೆ ತಾಯ್ತನ ನಿಯಂತ್ರಣ ಕಾಯಿದೆಯು ಈ ವಾಣಿಜ್ಯವನ್ನು ನಿಷೇಧಿಸಿದೆ. ವೈದ್ಯಕೀಯ ವೆಚ್ಚ, ವಿಮೆ ಮೊದಲಾದುವುಗಳ ಹೊರತು ಹೆರುವವಳಿಗೆ ಪ್ರತಿಫಲವಿಲ್ಲ. (ವೈದ್ಯರ ಶುಲ್ಕಕ್ಕೆ ಪರೋಪಕಾರದ ಈ ನಿಯಮ ಅನ್ವಯಿಸದು.) ಗ್ರಂಥವು ಕಾಯಿದೆಗೆ ಮುಂಚಿನದು. ಎರಡನ್ನೂ ಒಟ್ಟಿಗಿಟ್ಟು ಓದಿದವರಲ್ಲಿ, ಆ ಹೆಂಗಸರು ಮರಳಿ ಯಾವ ದುಡಿಮೆಗೆ ಹೋದರೆಂಬ ಪ್ರಶ್ನೆ ಏಳದಿರದು. ಅದರ ಶೋಧನೆಗೆ ನಮ್ಮ ವಿದ್ಯಾರ್ಥಿಗಳು ಕನ್ನಡದಲ್ಲಿಯೇ ತೊಡಗಬಹುದು.