ಏಕಟ್ಠಿಯ ಲೆಕ್ಕ ಮತ್ತು ಗಣಕಯಂತ್ರ: ಗೊಮ್ಮಟಸಾರದ ಒಂದು ಸಂಖ್ಯೆಯ ವಿಚಾರ

ಗೊಮ್ಮಟಸಾರದ ಜೀವಕಾಂಡದಲ್ಲಿ ಶ್ರುತಜ್ಞಾನದ ಅಕ್ಷರಸಂಖ್ಯೆಯಾಗಿ ಹೇಳಿರುವ 18446744073709551615 ಎಂಬುದು 64 ಬಿಟ್‌ಗಳ ಗಣಕಯಂತ್ರದ ಒಂದು ಪದದಲ್ಲಿ ಹಿಡಿಸುವ ಅತ್ಯಂತ ದೊಡ್ಡ ಪೂರ್ಣಾಂಕವೂ ಹೌದು. ಈ ಸಾಮ್ಯವನ್ನು ಕಂಡು, ಹತ್ತನೆಯ ಶತಮಾನದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳಿಗೆ ಗಣಕಯಂತ್ರದ, ಅಷ್ಟೇ ಅಲ್ಲ ಕೃತಕ ಬುದ್ಧಿಮತ್ತೆಯ, ಅರಿವು ಇದ್ದಿತೆಂದು ಭಾಷಣಗಳಲ್ಲಿ ಹೇಳುವ ರೂಢಿ ಬೆಳೆದಿದೆ. ಅಂಕಿಗಳ ಸಾಮ್ಯ ನಿಜ; ಇಪ್ಪತ್ತು ಸ್ಥಾನಗಳಲ್ಲಿ ಒಂದೂ ವ್ಯತ್ಯಾಸವಿಲ್ಲ. ಆದರೆ ಅದರಿಂದ ತೆಗೆದಿರುವ ನಿರ್ಣಯ ನಿಲ್ಲುವುದಿಲ್ಲ. ಆ ಸಂಖ್ಯೆಯಲ್ಲಿ ನಿಜವಾಗಿ ಬೆಲೆಯುಳ್ಳ ಅಂಶವೊಂದು ಈ ಬೆರಗಿನ ಕೆಳಗೆ ಮುಚ್ಚಿಹೋಗಿರುವುದು ಇನ್ನೂ ವಿಷಾದದ ಸಂಗತಿ.

ಮೊದಲು ಲೆಕ್ಕದ ಸ್ವರೂಪ. ವ್ಯಂಜನಗಳು 33. ಒಂಬತ್ತು ಸ್ವರಗಳು ಹ್ರಸ್ವ, ದೀರ್ಘ, ಪ್ಲುತ ಭೇದದಿಂದ 27. ಅನುಸ್ವಾರ, ವಿಸರ್ಗ, ಜಿಹ್ವಾಮೂಲೀಯ, ಉಪಧ್ಮಾನೀಯಗಳೆಂಬ ಯೋಗವಾಹಗಳು 4. ಒಟ್ಟು ಮೂಲವರ್ಣಗಳು 64. (ಎ, ಒ ಮೊದಲಾದವುಗಳ ಹ್ರಸ್ವ ರೂಪ ಸಂಸ್ಕೃತದಲ್ಲಿಲ್ಲದಿದ್ದರೂ ಪ್ರಾಕೃತದಲ್ಲಿಯೂ ದೇಶಭಾಷೆಗಳಲ್ಲಿಯೂ ಉಂಟೆಂದು ಟೀಕಾಕಾರರು ಸಮಾಧಾನ ಹೇಳುತ್ತಾರೆ, ಕನ್ನಡ ಓದುಗನಿಗೆ ಆ ಸಮಾಧಾನದ ಅಗತ್ಯವೇ ಇಲ್ಲ.) ಈ 64ನ್ನು ವಿರಲಿಸಿ, ಒಂದೊಂದರ ಮೇಲೂ ಎರಡನ್ನು ಇಟ್ಟು, ಅವನ್ನು ಪರಸ್ಪರ ಗುಣಿಸಿ, ಬಂದುದರಲ್ಲಿ ಒಂದನ್ನು ಕಳೆಯಬೇಕೆಂಬುದು ವಿಧಿ. ಏಕಸಂಯೋಗಿಗಳು 64, ದ್ವಿಸಂಯೋಗಿಗಳು 2016, ತ್ರಿಸಂಯೋಗಿಗಳು 41664, ಹೀಗೆ ಚತುಃಷಷ್ಟಿ ಸಂಯೋಗದವರೆಗೆ ಎಲ್ಲವನ್ನೂ ಕೂಡಿದರೆ ಬರುವ ಮೊತ್ತವೂ ಅದೇ. ಷಟ್ಖಂಡಾಗಮದ ಧವಲಾಟೀಕೆಯಲ್ಲಿಯೂ ಈ ಲೆಕ್ಕವಿದೆ. ಅದರ ಸಮಾಪ್ತಿಯ ಕಾಲ ಕ್ರಿ.ಶ. 816 ಎಂಬ ಸಾಮಾನ್ಯ ಮತವನ್ನು ಒಪ್ಪಿದರೆ, ಲೆಕ್ಕವು ನೇಮಿಚಂದ್ರರಿಗಿಂತಲೂ ಹಳೆಯದು.

ಗಣಕಯಂತ್ರದಲ್ಲಿ ನಡೆಯುವುದೇನು? 64 ಸ್ಥಾನಗಳಿವೆ, ಪ್ರತಿ ಸ್ಥಾನದಲ್ಲಿ ಸೊನ್ನೆ ಅಥವಾ ಒಂದು. ವರ್ಣವೊಂದು ಸಂಯೋಗದಲ್ಲಿ ಉಂಟು ಅಥವಾ ಇಲ್ಲ ಎಂಬುದಕ್ಕೆ ಇದು ಸಮಾನವೇ ಸರಿ. ಆದುದರಿಂದ ಸಾಮ್ಯ ಕೇವಲ ಕಾಕತಾಳೀಯವಲ್ಲ, ಎರಡೂ ಕಡೆ ದ್ವಿಕದ ಅನ್ಯೋನ್ಯಾಭ್ಯಾಸವಿದೆ. ಆದರೆ 64 ಎಂಬುದು ಒಂದು ಕಡೆ ಶಿಕ್ಷಾಶಾಸ್ತ್ರದಿಂದ ಬಂದುದು, ಇನ್ನೊಂದು ಕಡೆ 8, 16, 32 ಎಂದು ಇಮ್ಮಡಿಸುತ್ತ ಬಂದುದು. ಇದಕ್ಕಿಂತ ಮುಖ್ಯವಾದುದು ‘ರೂಪೋನ’ದ ಕಾರಣ. ಗೊಮ್ಮಟಸಾರದಲ್ಲಿ ಒಂದನ್ನು ಕಳೆಯುವುದು ಯಾವ ವರ್ಣವೂ ಇಲ್ಲದ ಸಂಯೋಗ ಅಕ್ಷರವಾಗದೆಂಬ ಕಾರಣಕ್ಕೆ. ಯಂತ್ರದಲ್ಲಿ ಎಲ್ಲವೂ ಸೊನ್ನೆಯಾಗಿರುವ ಸ್ಥಿತಿಯನ್ನು ಬಿಡುವುದಿಲ್ಲ, ಅದನ್ನೂ ಎಣಿಸುತ್ತಾರೆ. ಎಣಿಕೆ ಸೊನ್ನೆಯಿಂದ ಹೊರಡುವುದರಿಂದ ಕೊನೆಯ ಸಂಖ್ಯೆ ಒಂದು ಕಡಿಮೆಯಾಗುತ್ತದೆ, ಅಷ್ಟೆ. ಅಲ್ಲಿ ಅದು ಅಂತಿಮ ಸಂಖ್ಯೆ. ಇಲ್ಲಿ ಅದು ರಾಶಿಯ ಪ್ರಮಾಣ. ಸುಮಾರು ಕ್ರಿ.ಶ. 1000ದಲ್ಲಿ ಅಲ್‌ಬೆರೂನಿಯು ಚದುರಂಗದ ಮನೆಗಳಲ್ಲಿ ಇಮ್ಮಡಿಸುತ್ತ ಇಟ್ಟ ಕಾಳುಗಳ ಮೊತ್ತವಾಗಿ ಇದೇ ಸಂಖ್ಯೆಯನ್ನು ಕೊಟ್ಟಿದ್ದಾನೆ. ಅವನಿಗೆ ಗಣಕಯಂತ್ರ ತಿಳಿದಿತ್ತೆಂದು ಯಾರೂ ವಾದಿಸುವುದಿಲ್ಲ.

ದ್ವಿರೂಪವರ್ಗಧಾರೆಯ ಮಾತು ಬೇರೆ. ಎರಡರ ವರ್ಗ 4, ಅದರ ವರ್ಗ 16, ಮುಂದೆ 256, ಬಳಿಕ ಪಣ್ಣಟ್ಠಿ ಎಂಬ 65536, ಬಾದಾಲವೆಂಬ 4294967296, ಏಕಟ್ಠಿ ಎಂಬ 18446744073709551616. ಯಂತ್ರದ ಪದದ ಅಗಲ 8ರಿಂದ 16ಕ್ಕೆ, 32ಕ್ಕೆ, 64ಕ್ಕೆ ಏರಿದಂತೆ ಅದರ ಸ್ಥಿತಿಗಳ ಸಂಖ್ಯೆಯೂ 256ರಿಂದ ಮುಂದಕ್ಕೆ ಇದೇ ಧಾರೆಯಲ್ಲಿ ಏರಿದೆ. ಅರ್ಧಚ್ಛೇದಗಳು ಇಮ್ಮಡಿಯಾದರೆ ರಾಶಿಯು ವರ್ಗವಾಗುತ್ತದೆಂಬ ನಿಯಮವೇ ಇದಕ್ಕೆ ಕಾರಣ. ಆಚಾರ್ಯರು ಆ ನಿಯಮವನ್ನು ಬಲ್ಲವರಾಗಿದ್ದರು. ಅವರ ಕೀರ್ತಿಗೆ ಅಷ್ಟು ಸಾಲದೆ?

ಕೃತಕ ಬುದ್ಧಿಮತ್ತೆಯ ವಾದಕ್ಕೆ ಹೆಚ್ಚು ಮಾತು ಬೇಡ. ಶಬ್ದವು ಪುದ್ಗಲಪರ್ಯಾಯ, ಜ್ಞಾನವು ಜೀವಗುಣ. ಅಕ್ಷರಸಂಯೋಗಗಳನ್ನು ಎಣಿಸಿದ ಶಾಸ್ತ್ರವೇ ದ್ರವ್ಯಶ್ರುತ, ಭಾವಶ್ರುತಗಳನ್ನು ಬೇರ್ಪಡಿಸಿದೆ. ಅಕ್ಷರಗಳನ್ನು ಜೋಡಿಸುವ ಯಂತ್ರಕ್ಕೆ ಜ್ಞಾನವನ್ನು ಆರೋಪಿಸಲು ಆ ಗಾಥೆಯನ್ನೇ ಆಧಾರವಾಗಿ ತರುವುದು ಸಿದ್ಧಾಂತಕ್ಕೆ ವಿರುದ್ಧ.

ಇನ್ನು ಗ್ರಂಥಸಂಪಾದಕನಿಗೆ ಸಂಬಂಧಿಸಿದ ವಿಷಯ. ಗಾಥೆಯಲ್ಲಿ ಅಂಕಿಗಳನ್ನು ಮಾತಿನಲ್ಲಿ ಹೇಳಿದೆ, ಅದೂ ದೊಡ್ಡ ಸ್ಥಾನದಿಂದ ಚಿಕ್ಕ ಸ್ಥಾನಕ್ಕೆ. ‘ಅಂಕಾನಾಂ ವಾಮತೋ ಗತಿಃ’ ಎಂಬ ಅಭ್ಯಾಸಬಲದಿಂದ ತಿರುಗಿಸಿ ಓದಿದರೆ ಕೊನೆಯಲ್ಲಿ 1 ನಿಲ್ಲುತ್ತದೆ. 16ರ ಯಾವ ಘಾತವಾದರೂ 6ರಲ್ಲಿಯೇ ಮುಗಿಯುವುದರಿಂದ ರೂಪೋನ ರಾಶಿ 5ರಲ್ಲಿ ಮುಗಿಯಲೇಬೇಕು. ವಾಮಗತಿ ಇಲ್ಲಿ ಸಲ್ಲದು. ಇದಕ್ಕಿಂತ ಸೂಕ್ಷ್ಮವಾದ ತೊಡಕು ‘ಚ’ಕಾರದ್ದು. ಗಾಥೆಯಲ್ಲಿ ಎರಡು ಕಡೆ ‘ಚ ಚ’ ಎಂದು ಬರುತ್ತದೆ. ಅಲ್ಲಿ ಅದು ಸಮುಚ್ಚಯವಲ್ಲ, ನಾಲ್ಕು ಎಂಬುದರ ಸಂಕ್ಷೇಪ. ಎರಡು ಕಡೆಯೂ 44. ಅದೇ ಗಾಥೆಯಲ್ಲಿ ‘ಮತ್ತು’ ಎಂಬ ಅರ್ಥದ ‘ಚ’ಕಾರವೂ ಉಂಟು. ಲೆಕ್ಕ ತಿಳಿಯದ ಲಿಪಿಕಾರನು ದ್ವಿರುಕ್ತಿಯೆಂದು ಬಗೆದು ಒಂದು ‘ಚ’ವನ್ನು ಬಿಟ್ಟರೆ ಇಪ್ಪತ್ತು ಅಂಕಿ ಹತ್ತೊಂಬತ್ತಾಗುತ್ತದೆ. ಅಂಕಿಗಳ ಮೊತ್ತ 87, ಒಂಬತ್ತರಿಂದ ಭಾಗಿಸಿದ ಶೇಷ 6. ಒಂದು 4 ಬಿಟ್ಟುಹೋದರೆ ಶೇಷ 2 ಆಗಿ ದೋಷ ಕೂಡಲೇ ಸಿಕ್ಕಿಬೀಳುತ್ತದೆ. ಆದರೆ ‘ಸುಣ್ಣ’ ಬಿಟ್ಟುಹೋದರೆ ಈ ಪರೀಕ್ಷೆ ಮೂಕವಾಗುತ್ತದೆ, ಸೊನ್ನೆ ಮೊತ್ತವನ್ನು ಬದಲಿಸದು. ಎರಡು ಅಂಕಿಗಳು ಸ್ಥಾನ ಬದಲಿಸಿದರೂ ಹಾಗೆಯೇ.

ಈ ಕೊರತೆಯನ್ನು ತುಂಬುವುದು ಪರಂಪರೆಯೇ ಕೊಟ್ಟಿರುವ ಇನ್ನು ಮೂರು ಸಂಖ್ಯೆಗಳು. ಮಧ್ಯಮಪದದ ಅಕ್ಷರಗಳು 16348307888. ಅಂಗಪ್ರವಿಷ್ಟದ ಪದಗಳು 1128358005. ಉಳಿದ, ಒಂದು ಪದವೂ ತುಂಬದ ಅಂಗಬಾಹ್ಯದ ಅಕ್ಷರಗಳು 80108175. ಮೊದಲ ಎರಡನ್ನು ಗುಣಿಸಿದರೆ 18446744073629443440 ಬರುತ್ತದೆ. ಅದಕ್ಕೆ ಮೂರನೆಯದನ್ನು ಕೂಡಿಸಿದರೆ 18446744073709551615. ಇದು ಯಾವ ನಂಬಿಕೆಯನ್ನೂ ಬೇಡದ ಸಾಕ್ಷ್ಯ. ನಾಲ್ಕರಲ್ಲಿ ಯಾವುದೊಂದರಲ್ಲಿ ಒಂದೇ ಅಂಕಿ ಕೆಟ್ಟರೂ ಸಮೀಕರಣ ಮುರಿಯುತ್ತದೆ, ಉಳಿದ ಮೂರು ಸರಿಯಾಗಿದ್ದರೆ ಕೆಟ್ಟುದನ್ನು ತಿರುಗಿ ಪಡೆಯಬಹುದು. ಈಗಿನವರು ಸಂದೇಶಗಳ ಜೊತೆಗೆ ದೋಷ ಹಿಡಿಯುವ ಹೆಚ್ಚಿನ ಅಂಕಿಗಳನ್ನು ಕಳುಹಿಸುತ್ತಾರೆ. ಗಾಥಾಕಾರರ ಉದ್ದೇಶ ಅದಾಗಿತ್ತೆನ್ನಲು ಆಧಾರವಿಲ್ಲ, ಆದರೆ ಫಲ ಅದೇ ಆಗಿದೆ. ಗಣಕಶಾಸ್ತ್ರದೊಡನೆ ಹೋಲಿಸಲೇಬೇಕಾದರೆ ಹೋಲಿಕೆ ಇಲ್ಲಿ ಗಟ್ಟಿಯಾಗಿದೆ.

ಸಂಪಾದಕರು ಇದನ್ನು ಬಳಸಿಕೊಳ್ಳದಿರುವುದು ಉಪೇಕ್ಷೆಯೇ ಸರಿ. ಲೆಕ್ಕದಿಂದ ಸ್ಥಿರವಾದ ಸಂಖ್ಯೆಗೆ ವಿರುದ್ಧವಾದ ಓದನ್ನು ಸಮಾನ ಗೌರವದ ಪಾಠಾಂತರವೆಂದು ಅಡಿಟಿಪ್ಪಣಿಯಲ್ಲಿ ಕೊಡಬಾರದು, ಲಿಪಿದೋಷವೆಂದೇ ಗುರುತಿಸಬೇಕು. ಕೇಶವವರ್ಣಿಯ ಕನ್ನಡ ವೃತ್ತಿ ಶಕ 1281ರದು, ಎಂದರೆ ಕ್ರಿ.ಶ. 1359. ಅದನ್ನು ಅನುಸರಿಸಿದ ಸಂಸ್ಕೃತ ಟೀಕೆ ಇನ್ನೊಬ್ಬ ನೇಮಿಚಂದ್ರರದೆಂದು ಆ. ನೇ. ಉಪಾಧ್ಯೆಯವರು ನಿರ್ಣಯಿಸಿದ್ದಾರೆ, ತೋಡರಮಲ್ಲರ ಭಾಷಾಟೀಕೆ ಆ ಸಂಸ್ಕೃತವನ್ನು ಆಶ್ರಯಿಸಿದುದು. ಆದುದರಿಂದ ಈ ಮೂರರಲ್ಲಿ ಒಂದೇ ಅಂಕಿ ಕಂಡರೆ ಅದನ್ನು ಮೂರು ಸಾಕ್ಷಿಗಳೆಂದು ಎಣಿಸಲಾಗದು. ಗುಣಾಕಾರವೊಂದೇ ಇಲ್ಲಿ ಸ್ವತಂತ್ರ ಸಾಕ್ಷಿ.

ಆ ಗುಣಾಕಾರವನ್ನು ಕೈಯಲ್ಲಿಯೇ ಮಾಡುವುದು ಲೇಸು. ಕಚೇರಿಗಳಲ್ಲಿ ಬಳಕೆಯಲ್ಲಿರುವ ಕೋಷ್ಟಕದ ಗಣಕ ಕ್ರಮವಿಧಿಗಳು ಸಾಮಾನ್ಯವಾಗಿ ಹದಿನೈದು ಅಂಕಿಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕವನ್ನು ಸೊನ್ನೆಯಾಗಿಸುತ್ತವೆ. ಅಂಥದರಲ್ಲಿ ಈ ಸಂಖ್ಯೆಯನ್ನು ಬರೆದರೆ 18446744073709500000 ಎಂದು ಕಾಣುತ್ತದೆ. ಅದನ್ನೇ ಅಚ್ಚಿಗೆ ಕಳುಹಿಸಿದರೆ ಗಾಥೆಯ ಕೊನೆಯ ಐದು ಅಂಕಿಗಳು ಯಾವ ಓಲೆಯ ಹುಳುವೂ ತಿನ್ನದೆ ಹೋಗಿಬಿಡುತ್ತವೆ.