ಜಾಲದ ಆಟ, ಗಣಕದ ನಾದ: ಕೂಡಿ ನುಡಿಸುವಿಕೆಯಲ್ಲಿ ಕಾಲದ ಪ್ರಶ್ನೆ

ಅಂತರ್ಜಾಲದಲ್ಲಿ ಹಲವರು ಕೂಡಿ ಆಡುವ ಗಣಕ ಆಟಗಳನ್ನೂ ಮನೆಯ ಗಣಕದಲ್ಲಿ ತಂತ್ರಾಂಶದ ನೆರವಿನಿಂದ ರಚಿತವಾಗುವ ಸಂಗೀತವನ್ನೂ ಒಂದೇ ಸಂಸ್ಕೃತಿಯ ಎರಡು ಮುಖಗಳೆಂದು ಕಾಣುವುದು ಈ ಕ್ಷೇತ್ರದ ವಿಮರ್ಶೆಯಲ್ಲಿ ರೂಢಿಯಾಗಿದೆ. ಇದಕ್ಕೆ ಇಂಗ್ಲಿಷ್ ಭಾಷೆಯೂ ಒಂದು ಕಾರಣವಿರಬಹುದು. ಆ ಭಾಷೆಯಲ್ಲಿ ಆಟವಾಡುವುದಕ್ಕೂ ವಾದ್ಯ ನುಡಿಸುವುದಕ್ಕೂ 'ಪ್ಲೇ' ಎಂಬ ಒಂದೇ ಕ್ರಿಯಾಪದವಿದೆ. ಕನ್ನಡದಲ್ಲಿ ಹಾಗಿಲ್ಲ. ನಾವು ಆಟವನ್ನು ಆಡುತ್ತೇವೆ; ವೀಣೆಯನ್ನು ನುಡಿಸುತ್ತೇವೆ, ಮೃದಂಗವನ್ನು ಬಾರಿಸುತ್ತೇವೆ, ನಾಗಸ್ವರವನ್ನು ಊದುತ್ತೇವೆ. ಎರಡೂ ಕೂಡುವ ಎಡೆ ನಮ್ಮಲ್ಲಿ ಇಲ್ಲವೆಂದಲ್ಲ. ಯಕ್ಷಗಾನದ ಪ್ರದರ್ಶನವನ್ನು ಕರಾವಳಿಯಲ್ಲಿ 'ಆಟ'ವೆಂದೇ ಕರೆಯುತ್ತಾರೆ. ಹಿಮ್ಮೇಳವಿಲ್ಲದೆ ಅಲ್ಲಿ ಮುಮ್ಮೇಳವಿಲ್ಲ. ಆದರೆ ಆ ಆಟದಲ್ಲಿ ಭಾಗವತರೂ ವೇಷಧಾರಿಯೂ ಒಂದೇ ರಂಗಸ್ಥಳದಲ್ಲಿ, ಒಂದೇ ಕ್ಷಣದಲ್ಲಿ ಇರುತ್ತಾರೆ. ಆ ಕ್ಷಣವೇ ಒಡೆದುಹೋದಾಗ ಆಟಕ್ಕೂ ನಾದಕ್ಕೂ ಏನಾಗುತ್ತದೆ ಎಂಬುದು ಪ್ರಸ್ತುತ ಪ್ರಬಂಧದ ವಿಚಾರ. ಆಟವು ಈ ಒಡಕನ್ನು ಮರೆಮಾಚಿ ಬೆಳೆಯಿತು. ಸಂಗೀತಕ್ಕೆ ಮರೆಮಾಚುವ ದಾರಿಯಿರಲಿಲ್ಲ. ಆದ್ದರಿಂದ ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆಯುವ ವಿಮರ್ಶೆ ಎರಡಕ್ಕೂ ಅನ್ಯಾಯ ಮಾಡುತ್ತದೆ ಎಂಬುದು ನನ್ನ ಪ್ರತಿಪಾದನೆ.

ಮೊದಲು ಸಾಮ್ಯವನ್ನು ಗಮನಿಸಬೇಕು. ಎರಡೂ ಕಾಲವನ್ನು ತುಂಡರಿಸುತ್ತವೆ. 1987ರಲ್ಲಿ ಕಾರ್ಸ್ಟನ್ ಒಬಾರ್ಸ್ಕಿ ಅಮಿಗಾ ಗಣಕಕ್ಕಾಗಿ ಸಿದ್ಧಪಡಿಸಿದ 'ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್' ಮನೆಯ ಗಣಕದ ಸಂಗೀತಕ್ಕೆ ಒಂದು ಲಿಪಿಯನ್ನೇ ಒದಗಿಸಿತು. ಪರದೆಯ ಮೇಲೆ ನಾಲ್ಕು ಕಂಬಸಾಲುಗಳು, ಪ್ರತಿಯೊಂದರಲ್ಲಿ 64 ಅಡ್ಡಸಾಲುಗಳು. ಸ್ವರದ ಹೆಸರು, ಧ್ವನಿತುಣುಕಿನ ಸಂಖ್ಯೆ, ಪರಿಣಾಮದ ಸಂಕೇತ ಇವೆಲ್ಲ ಮೇಲಿನಿಂದ ಕೆಳಕ್ಕೆ ಹರಿಯುತ್ತವೆ. ಕಂಬಸಾಲುಗಳು ನಾಲ್ಕೇ ಇರುವುದಕ್ಕೆ ಕಾರಣ ಆ ಯಂತ್ರದ ಧ್ವನಿ ಚಿಪ್ಪಿನಲ್ಲಿ ನಾಲ್ಕೇ ದಾರಿಗಳಿದ್ದುದು. ಟ್ರ್ಯಾಕರ್ ಎಂದು ಕರೆಯಲಾಗುವ ಈ ಪರಂಪರೆಯ ತಂತ್ರಾಂಶಗಳಲ್ಲಿ ಕಾಲದ ಅತಿ ಸಣ್ಣ ಘಟಕದ ಹೆಸರು 'ಟಿಕ್'. ಯುರೋಪಿನ ದೂರದರ್ಶನದ ಪರದೆ ಸೆಕೆಂಡಿಗೆ 50 ಬಾರಿ ಹೊಸದಾಗುತ್ತಿದ್ದುದರಿಂದ ಒಂದು ಟಿಕ್ 20 ಮಿಲಿಸೆಕೆಂಡಿನಷ್ಟಾಯಿತು. ಆರು ಟಿಕ್‌ಗಳಿಗೆ ಒಂದು ಸಾಲು, ನಾಲ್ಕು ಸಾಲುಗಳಿಗೆ ಒಂದು ಎಣಿಕೆ ಎಂದು ಹಿಡಿದರೆ ನಿಮಿಷಕ್ಕೆ 125 ಎಣಿಕೆಗಳು. ಅಸಂಖ್ಯ ಟ್ರ್ಯಾಕರ್ ಕೃತಿಗಳ ನಡೆ ಇದೇ ಆಗಿರುವುದನ್ನು ಕೇಳಿ ಅದನ್ನು ಒಂದು ಪೀಳಿಗೆಯ ಲಯಪ್ರಜ್ಞೆಯೆಂದು ಬಣ್ಣಿಸುವವರಿದ್ದಾರೆ. ಅದರ ಬಹುಪಾಲು ಶ್ರೇಯಸ್ಸು ದೂರದರ್ಶನದ ಪೆಟ್ಟಿಗೆಗೆ ಸಲ್ಲಬೇಕು. ಆಟದ ಸರ್ವರ್ ಕೂಡ ಟಿಕ್‌ಗಳಲ್ಲೇ ಬದುಕುತ್ತದೆ. 2012ರ 'ಕೌಂಟರ್-ಸ್ಟ್ರೈಕ್: ಗ್ಲೋಬಲ್ ಅಫೆನ್ಸಿವ್' ಆಟದ ಅಧಿಕೃತ ಸರ್ವರ್‌ಗಳು ಸೆಕೆಂಡಿಗೆ 64 ಟಿಕ್‌ಗಳಂತೆ ಲೋಕವನ್ನು ಲೆಕ್ಕ ಹಾಕುತ್ತಿದ್ದವು. ಹೆಸರೂ ಒಂದೇ, ಅಳತೆಯೂ ಹತ್ತಿರದ್ದೇ. ಸಾಮ್ಯ ಇಲ್ಲಿಗೆ ಮುಗಿಯುತ್ತದೆ.

ಜಾಲದ ಆಟದ ಚರಿತ್ರೆಯನ್ನು 1978ರಲ್ಲಿ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ 'ಮಡ್' ಎಂಬ ಅಕ್ಷರರೂಪದ ಆಟದಿಂದ ಹೇಳುವುದು ವಾಡಿಕೆ. ಅದರಲ್ಲಿ ತಡವಾದರೆ ನಷ್ಟವಿರಲಿಲ್ಲ; ಓದುಗ ಕಾಯಬಲ್ಲ. ತೊಡಕು ಬಂದದ್ದು ಕಣ್ಣು ಮತ್ತು ಕೈಯ ಆಟ ದೂರವಾಣಿಯ ತಂತಿಗೆ ಬಂದಾಗ. 1996ರ ಜೂನ್‌ನಲ್ಲಿ ಇಡ್ ಸಾಫ್ಟ್‌ವೇರ್ ಸಂಸ್ಥೆ ಹೊರತಂದ 'ಕ್ವೇಕ್' ಆಟದಲ್ಲಿ ಆಟಗಾರನ ಪ್ರತಿಯೊಂದು ಹೆಜ್ಜೆಯೂ ಸರ್ವರ್‌ಗೆ ಹೋಗಿ ಒಪ್ಪಿಗೆ ಪಡೆದು ಮರಳಿದ ಮೇಲೆಯೇ ಪರದೆಯಲ್ಲಿ ಕಾಣುತ್ತಿತ್ತು. ಮೋಡೆಮ್ ಬಳಸುವವರಿಗೆ ಇದು ಕೆಸರಿನಲ್ಲಿ ಓಡಿದಂತಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದ 'ಕ್ವೇಕ್‌ವರ್ಲ್ಡ್' ಎಂಬ ಪರಿಷ್ಕೃತ ರೂಪದಲ್ಲಿ ಜಾನ್ ಕಾರ್ಮ್ಯಾಕ್ ಈ ಕ್ರಮವನ್ನು ಬದಲಿಸಿದರು. ಆಟಗಾರನ ಯಂತ್ರ ಸರ್ವರ್‌ನ ಉತ್ತರಕ್ಕೆ ಕಾಯದೆ ತಾನೇ ಊಹಿಸಿ ಮುಂದಿನ ಹೆಜ್ಜೆಯನ್ನು ತೋರಿಸಿಬಿಡುತ್ತದೆ. ಊಹೆ ತಪ್ಪಾಗಿದ್ದರೆ ಸದ್ದಿಲ್ಲದೆ ತಿದ್ದಿಕೊಳ್ಳುತ್ತದೆ. ಮುಂದೆ 'ಹಾಫ್-ಲೈಫ್' ಆಟದ ಜಾಲವ್ಯವಸ್ಥೆಯನ್ನು ವಿವರಿಸುತ್ತ ಯಾನ್ ಬರ್ನಿಯರ್ 2001ರ ಪ್ರಬಂಧದಲ್ಲಿ ಮತ್ತೊಂದು ಉಪಾಯವನ್ನು ನಿರೂಪಿಸಿದರು. ಗುಂಡು ಹಾರಿಸಿದವನಿಗೆ ಆ ಕ್ಷಣದಲ್ಲಿ ಎದುರಾಳಿ ಎಲ್ಲಿ ಕಾಣುತ್ತಿದ್ದನೋ ಅಲ್ಲಿಗೆ ಸರ್ವರ್ ಕಾಲವನ್ನು ಹಿಂದಕ್ಕೆ ಸುತ್ತಿ, ಗುಂಡು ತಗುಲಿತೇ ಎಂದು ತೀರ್ಮಾನಿಸುತ್ತದೆ. ಇದರ ಬೆಲೆಯನ್ನೂ ಬರ್ನಿಯರ್ ಮುಚ್ಚಿಡಲಿಲ್ಲ: ಗೋಡೆಯ ಮರೆಗೆ ಸರಿದು ತಾನು ಪಾರಾದೆನೆಂದುಕೊಂಡವನು ಮರೆಯಲ್ಲೇ ಸಾಯಬೇಕಾಗುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಇಬ್ಬರು ಆಟಗಾರರು ಕಂಡ ಲೋಕಗಳು ಬೇರೆ ಬೇರೆಯಾಗಿದ್ದರೂ ಆಟ ನಿಲ್ಲುವುದಿಲ್ಲ. ಏಕೆಂದರೆ ಆಟಕ್ಕೆ ತೀರ್ಪೊಂದು ಸಾಕು, ಆ ತೀರ್ಪು ಸರ್ವರ್‌ನಲ್ಲಿದೆ. ಗೆದ್ದವರಾರು, ಸೋತವರಾರು ಎಂಬುದು ನಿಶ್ಚಿತವಾದ ಮೇಲೆ ನಡುವೆ ಹೇಳಿದ ಸಣ್ಣ ಸುಳ್ಳುಗಳನ್ನು ಎಲ್ಲರೂ ಮನ್ನಿಸುತ್ತಾರೆ. ಸಂಗೀತದಲ್ಲಿ ಆ ನಡುವಣ ಕ್ಷಣಗಳೇ ಸರ್ವಸ್ವ. ಗಾಯಕ ಇನ್ನೂ ಹಾಡದ ಸಂಗತಿಯನ್ನು ಯಂತ್ರ ಊಹಿಸಿ ಕೇಳಿಸಿತೆಂದು ಭಾವಿಸಿದರೆ, ಆಮೇಲೆ ಅದನ್ನು ತಿದ್ದುವ ಬಗೆ ಯಾವುದು? ಕೇಳಿದ ಸ್ವರ ಕೇಳಿಯಾಗಿದೆ.

ಹಾಗಾದರೆ ಜಾಲದ ಆಟದೊಳಗೆ ಕೇಳುತ್ತಿದ್ದ ಸಂಗೀತ ಎಲ್ಲಿತ್ತು? 'ಕ್ವೇಕ್'ನಲ್ಲಿ ಟ್ರೆಂಟ್ ರೆಜ್ನರ್ ಬಳಗದ ಧ್ವನಿರಚನೆ ಆಟದ ಸಿ.ಡಿ.ಯಲ್ಲಿಯೇ ಅಡಕವಾಗಿತ್ತು. ಸಿ.ಡಿ. ಗುಣಮಟ್ಟದ ಧ್ವನಿಗೆ ನಿಮಿಷಕ್ಕೆ ಸುಮಾರು 10 ಮೆಗಾಬೈಟ್ ಬೇಕು. ಅಂದಿನ ತಂತಿಗೆ ಅದು ಹೊರಲಾರದ ಹೊರೆ. 1999ರ 'ಅನ್‌ರಿಯಲ್ ಟೂರ್ನಮೆಂಟ್' ಬೇರೆ ದಾರಿ ಹಿಡಿಯಿತು. ಅಲೆಕ್ಸಾಂಡರ್ ಬ್ರ್ಯಾಂಡನ್, ಮಿಕೀಲ್ ವ್ಯಾನ್ ಡೆನ್ ಬೋಸ್ ಮೊದಲಾದವರು ಅದಕ್ಕಾಗಿ ರಚಿಸಿದ್ದು ಟ್ರ್ಯಾಕರ್ ಕೃತಿಗಳನ್ನು. ಎದುರುಬದುರು ನಿಂತ ಎರಡು ಗೋಪುರಗಳ 'ಫೇಸಿಂಗ್ ವರ್ಲ್ಡ್ಸ್' ಎಂಬ ಕಣಕ್ಕೆ ವ್ಯಾನ್ ಡೆನ್ ಬೋಸ್ ಒದಗಿಸಿದ 'ಫೋರ್‌ಗಾನ್ ಡಿಸ್ಟ್ರಕ್ಷನ್' ಈ ಬಗೆಯ ರಚನೆಗಳಲ್ಲಿ ಎದ್ದು ಕಾಣುತ್ತದೆ. ಕೆಳಗೆ ತುಂಡರಿಸಿ ಜೋಡಿಸಿದ ಡ್ರಮ್ಮಿನ ವೇಗದ ನಡೆ, ಮೇಲೆ ಅವಸರವಿಲ್ಲದೆ ತೇಲುವ ಸ್ವರಪದರ. ಗೋಪುರದ ತುದಿಯಲ್ಲಿ ಕಾದು ಕುಳಿತವನ ನಿಶ್ಚಲತೆ ಮೇಲಿನ ಪದರದ್ದಾದರೆ, ಬಯಲನ್ನು ದಾಟುವವನ ಓಟ ಕೆಳಗಿನದ್ದು. ಇದು ಒಳ್ಳೆಯ ಹಿಮ್ಮೇಳ. ಆದರೆ ಕಡತವು ಆಯಾ ಆಟಗಾರನ ಯಂತ್ರದಲ್ಲೇ ಇದ್ದು ಅಲ್ಲೇ ನುಡಿಯುತ್ತದೆ. ಆಟದ ಸುದ್ದಿಯಷ್ಟೇ ಜಾಲದಲ್ಲಿ ಹರಿಯುತ್ತದೆ. ಆಟದಲ್ಲಿ ಕೂಡಿದವರು ಸಂಗೀತದಲ್ಲಿ ಕೂಡಿರಲಿಲ್ಲ. 2020ರ ಏಪ್ರಿಲ್‌ನಲ್ಲಿ 'ಫೋರ್ಟ್‌ನೈಟ್' ಆಟದೊಳಗೆ ನಡೆದ ಟ್ರಾವಿಸ್ ಸ್ಕಾಟ್ ಕಛೇರಿಗೆ ಒಂದೇ ವೇಳೆಗೆ 1.23 ಕೋಟಿ ಜನ ಸೇರಿದ್ದರೆಂದು ಎಪಿಕ್ ಸಂಸ್ಥೆ ಪ್ರಕಟಿಸಿತು. ಆ ಜನಸ್ತೋಮ ಅದೇ ಕಣದ ಅಸಂಖ್ಯ ಪ್ರತಿಗಳಲ್ಲಿ ಸಣ್ಣ ಗುಂಪುಗಳಾಗಿ ಹಂಚಿಹೋಗಿತ್ತು, ಕೇಳಿಸಿದ್ದು ಮೊದಲೇ ಸಿದ್ಧವಾಗಿದ್ದ ಧ್ವನಿ. ಅದನ್ನು ಮಹಾಸಭೆಯೆಂದು ಕೊಂಡಾಡಿದ ಬರಹಗಳು ಸಂಖ್ಯೆಗೆ ಮರುಳಾದವು ಎನ್ನದೆ ವಿಧಿಯಿಲ್ಲ.

ಮನೆಯ ಗಣಕದ ಸಂಗೀತಗಾರರಾದರೋ ಬೇರೆ ಬಗೆಯಲ್ಲಿ ಕೂಡಿದರು. ಟ್ರ್ಯಾಕರ್‌ನ 'ಮಾಡ್ಯೂಲ್' ಎಂಬ ಕಡತದಲ್ಲಿ ಸ್ವರಲಿಪಿಯೂ ಇರುತ್ತದೆ, ಅದನ್ನು ನುಡಿಸಬೇಕಾದ ಧ್ವನಿತುಣುಕುಗಳೂ ಇರುತ್ತವೆ. ತೆರೆದವನಿಗೆ ರಚನೆಯ ಒಳಗೆಲ್ಲ ಕಾಣುತ್ತದೆ: ಯಾವ ಸಾಲಿನಲ್ಲಿ ಯಾವ ಸ್ವರ, ಎಲ್ಲಿ ಜಾರು, ಎಲ್ಲಿ ಕಂಪನ. ಒಬ್ಬನ ಕೃತಿಯನ್ನು ತೆರೆದು ಮತ್ತೊಬ್ಬ ಕಲಿತ, ಅದರ ಡ್ರಮ್ಮಿನ ತುಣುಕನ್ನು ತನ್ನ ಕೃತಿಗೆ ಎತ್ತಿಕೊಂಡ, ಕೆಲವೊಮ್ಮೆ ಮೂಲದವನ ಹೆಸರನ್ನು ತುಣುಕುಗಳ ಪಟ್ಟಿಯಲ್ಲಿ ಬರೆದು ಕೃತಜ್ಞತೆ ಸಲ್ಲಿಸಿದ. 1994ರಲ್ಲಿ ಸ್ವೀಡನ್ನಿನ ಟ್ರೈಟನ್ ತಂಡ 'ಫಾಸ್ಟ್‌ಟ್ರ್ಯಾಕರ್ 2' ಹೊರತಂದಿತು, 1995ರಲ್ಲಿ ಆಸ್ಟ್ರೇಲಿಯದ ಜೆಫ್ರಿ ಲಿಮ್ 'ಇಂಪಲ್ಸ್ ಟ್ರ್ಯಾಕರ್' ರೂಪಿಸಿದರು. ನಾಲ್ಕು ದಾರಿಗಳು ಹಲವಾದವು, ಪದ್ಧತಿ ಬದಲಾಗಲಿಲ್ಲ. ಓಲೆಯ ಪ್ರತಿಯಿಂದ ಪ್ರತಿ ಮಾಡುತ್ತ, ನಡುವೆ ತನ್ನದೊಂದು ಪದ ಸೇರಿಸುತ್ತ ಹೋದ ಲಿಪಿಕಾರರ ಪರಂಪರೆಗೆ ಇದು ಹತ್ತಿರ. ಇಲ್ಲಿ ತಡವೆಂಬುದು ದೋಷವೇ ಅಲ್ಲ. ಜಾಲಕ್ಕೆ ತಕ್ಕ ಸಂಗೀತರೂಪ ಯಾವುದೆಂದು ಕೇಳಿದರೆ, ನೇರ ಪ್ರಸಾರದ ಕಛೇರಿಗಿಂತ ಮೊದಲು ನಾನು ಈ ಕಡತವನ್ನೇ ಹೆಸರಿಸುತ್ತೇನೆ.

ಅದರ ಮಿತಿಯನ್ನೂ ಹೇಳಬೇಕು. ಟ್ರ್ಯಾಕರ್‌ನಲ್ಲಿ ಕಂಪನಕ್ಕೆ ಎರಡೇ ಅಂಕಿಗಳು, ವೇಗ ಮತ್ತು ವ್ಯಾಪ್ತಿ. ಸ್ವರಸ್ಥಾನದ ಮೇಲೆ ಎಷ್ಟೋ ಕೆಳಗೂ ಅಷ್ಟೇ ಅದು ತೂಗುತ್ತದೆ. ತೋಡಿಯ ಗಾಂಧಾರ ಹಾಗೆ ಎರಡೂ ಕಡೆ ಸಮನಾಗಿ ತೂಗುವ ಸ್ವರವಲ್ಲ. ಅದನ್ನು ಬರೆಯಬೇಕಾದರೆ ಜಾರಿನ ಸಂಕೇತಗಳನ್ನು ಸಾಲು ಸಾಲಾಗಿ ಅಂಕಿಗಳಲ್ಲಿ ಕೂಡಿಸಬೇಕು. ಒಂದು ಗಮಕಕ್ಕೆ ಹತ್ತಾರು ಅಂಕಿಗಳು.

ಇನ್ನು ಒಂದೇ ವೇಳೆಯಲ್ಲಿ ಕೂಡಿ ನುಡಿಸುವ ಪ್ರಯತ್ನಗಳ ವಿಚಾರ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಚೇಫ್ ಮತ್ತು ಸಂಗಡಿಗರು ಇಬ್ಬರನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ನಡುವೆ ಕೃತಕ ತಡವನ್ನಿಟ್ಟು ಚಪ್ಪಾಳೆ ಹೊಡೆಸಿ, ಫಲಿತಾಂಶಗಳನ್ನು 2004ರಲ್ಲಿ ಪ್ರಕಟಿಸಿದರು. ತಡ ಹೆಚ್ಚಿದಂತೆ ಲಯ ಎಳೆಯತೊಡಗಿತು. ತಡ ತೀರ ಕಡಿಮೆಯಾದಾಗ ಓಡತೊಡಗಿತು. ಸುಮಾರು 25ರಿಂದ 30 ಮಿಲಿಸೆಕೆಂಡಿನ ಆಚೆಗೆ ಕೂಡಿ ನುಡಿಸುವುದು ಕಷ್ಟವೆಂಬುದು ಈಗ ಸಾಮಾನ್ಯವಾಗಿ ಒಪ್ಪಿರುವ ಮಿತಿ. ಗಾಳಿಯಲ್ಲಿ ಶಬ್ದ ಹತ್ತು ಮೀಟರ್ ದಾಟುವ ಕಾಲವೂ ಹೆಚ್ಚುಕಡಿಮೆ ಅಷ್ಟೇ. 'ವಿನ್‌ಆಂಪ್' ತಂತ್ರಾಂಶದಿಂದ ಹೆಸರಾದ ಜಸ್ಟಿನ್ ಫ್ರಾಂಕೆಲ್ ತಮ್ಮ ಕಾಕೋಸ್ ಸಂಸ್ಥೆಯಿಂದ 2005ರಲ್ಲಿ ಬಿಡುಗಡೆ ಮಾಡಿದ 'ನಿಂಜಾಮ್' ಈ ಮಿತಿಯೊಡನೆ ಹೋರಾಡಲಿಲ್ಲ. ತಡವನ್ನು ಕಡಿಮೆ ಮಾಡುವ ಬದಲು ಅದು ತಡವನ್ನು ಹಿಗ್ಗಿಸಿ ಲಯಕ್ಕೆ ಕಟ್ಟಿಹಾಕಿತು. ಎಲ್ಲರೂ ಒಂದು ನಡೆಯನ್ನೂ ಇಂತಿಷ್ಟು ಎಣಿಕೆಗಳ ಒಂದು ಆವರ್ತನವನ್ನೂ ಒಪ್ಪಿಕೊಳ್ಳುತ್ತಾರೆ. ನಾನು ಈ ಆವರ್ತನದಲ್ಲಿ ನುಡಿಸಿದ್ದು ಉಳಿದವರಿಗೆ ಮುಂದಿನ ಆವರ್ತನದಲ್ಲಿ ಕೇಳುತ್ತದೆ. ಹೀಗಾಗಿ ಪ್ರತಿಯೊಬ್ಬನೂ ತನ್ನ ವರ್ತಮಾನವನ್ನು ಇತರರ ಭೂತದೊಡನೆ ಹೆಣೆಯುತ್ತಾನೆ. ನಾಲ್ವರು ನುಡಿಸಿದರೆ ಕೇಳಿಬರುವುದು ನಾಲ್ಕು ಬೇರೆ ಕೃತಿಗಳು. ಇವುಗಳಲ್ಲಿ ನಿಜವಾದದ್ದು ಯಾವುದೆಂದು ಹೇಳುವ ತೀರ್ಪುಗಾರ ಆಟದ ಸರ್ವರ್‌ನಂತೆ ಇಲ್ಲಿಲ್ಲ. ಇಷ್ಟಾದರೂ ಈ ವಿಧಾನ ಯಾರಿಗೂ ಸುಳ್ಳು ಹೇಳುವುದಿಲ್ಲ. ಎಷ್ಟು ತಡವೆಂದು ಮೊದಲೇ ಸಾರಿಬಿಡುತ್ತದೆ.

ತಾಳದ ಆವರ್ತನಗಳಲ್ಲಿ ಬೆಳೆದ ಕರ್ನಾಟಕ ಸಂಗೀತಕ್ಕೆ ಈ ವಿಧಾನ ಹೇಳಿ ಮಾಡಿಸಿದಂತಿದೆ ಎಂದು ತಟ್ಟನೆ ತೋರಬಹುದು. ಪರೀಕ್ಷಿಸಿ ನೋಡೋಣ. ಆದಿತಾಳದ ಒಂದು ಆವರ್ತನವನ್ನೇ ಅಂತರವಾಗಿ ಇಟ್ಟುಕೊಂಡರೆ ಸಮ ಎಲ್ಲರಿಗೂ ಸಮದಲ್ಲೇ ಬೀಳುತ್ತದೆ, ಮೃದಂಗದ ಮುಕ್ತಾಯವೂ ಕೆಡುವುದಿಲ್ಲ. ಆದರೆ ಆಲಾಪನೆಗೆ ತಾಳವೇ ಇಲ್ಲ. ಗಾಯಕನ ನೆರಳಿನಂತೆ ಹಿಂಬಾಲಿಸುವ ಪಿಟೀಲಿಗೆ ಅಲ್ಲಿ ಸ್ಥಾನವೇ ಉಳಿಯುವುದಿಲ್ಲ. ಇನ್ನೂ ಸೂಕ್ಷ್ಮವಾದ ತೊಡಕು ತನಿ ಆವರ್ತನದ ಕೊರೈಪ್ಪಿನಲ್ಲಿದೆ. ಮೃದಂಗ ಮತ್ತು ಘಟ ಸರದಿಯಂತೆ ಸವಾಲು ಜವಾಬು ನಡೆಸುತ್ತ, ಆವರ್ತನಗಳ ಲೆಕ್ಕದ ಸರದಿಯನ್ನು ಅರ್ಧಕ್ಕೆ, ಕಾಲಿಗೆ ಇಳಿಸುತ್ತ, ಕೊನೆಗೆ ಕೂಡಿಕೊಳ್ಳುವುದೇ ಅದರ ಸೊಗಸು. ನಿಂಜಾಮ್‌ನಲ್ಲಿ ಮೃದಂಗದ ಸವಾಲು ಘಟದವನಿಗೆ ಎರಡನೆಯ ಆವರ್ತನದಲ್ಲಿ ಕೇಳುತ್ತದೆ, ಅವನು ಮೂರನೆಯದರಲ್ಲಿ ಉತ್ತರಿಸುತ್ತಾನೆ, ಆ ಉತ್ತರ ಮೃದಂಗದವನಿಗೆ ತಲುಪುವುದು ನಾಲ್ಕನೆಯದರಲ್ಲಿ. ನಡುವೆ ಎರಡು ಆವರ್ತನಗಳು ಬರಿದು. ಸರದಿಯು ಒಂದು ಆವರ್ತನಕ್ಕಿಂತ ಕಿರಿದಾದೊಡನೆ ಸಂವಾದವೇ ಅಸಾಧ್ಯವಾಗುತ್ತದೆ. ಅಂದರೆ ಈ ವಿಧಾನ ನಮ್ಮ ತಾಳದ ಚೌಕಟ್ಟನ್ನು ಉಳಿಸಿ, ಆ ಚೌಕಟ್ಟಿನೊಳಗೆ ಇಬ್ಬರು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಕ್ರಿಯೆಯನ್ನು ಕಳೆಯುತ್ತದೆ.

ವಿದೇಶದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳು ಬೆಂಗಳೂರು, ಮೈಸೂರುಗಳ ಗುರುಗಳಿಂದ ಅಂತರ್ಜಾಲದಲ್ಲಿ ಪಾಠ ಹೇಳಿಸಿಕೊಳ್ಳುತ್ತಿರುವುದು ಬಲ್ಲವರೆಲ್ಲ ಬಲ್ಲ ಸಂಗತಿ. ಈ ಪಾಠಗಳು ಸಾಗುವುದಕ್ಕೆ ಕಾರಣ ಗುರು ಹಾಡಿ ನಿಲ್ಲಿಸಿ, ಶಿಷ್ಯ ಅದನ್ನು ಮರಳಿ ಹಾಡುವ ಹಳೆಯ ಕ್ರಮವೇ. ಅದು ತಡವನ್ನು ತಾಳಿಕೊಳ್ಳುತ್ತದೆ. ಗುರುವಿನ ಕಂಠದೊಡನೆ ಕಂಠ ಸೇರಿಸಿ ಹಾಡುವ ಪಾಠ ಮಾತ್ರ ಅಲ್ಲಿ ನಡೆಯುವುದಿಲ್ಲ. ಶಿಷ್ಯನ ತಾಳದ ಪೆಟ್ಟು ಗುರುವಿಗೆ ಕಾಣುವಷ್ಟರಲ್ಲಿ ಗುರುವಿನ ಕೈ ಮುಂದಕ್ಕೆ ಹೋಗಿರುತ್ತದೆ.

2020ರ ಸಾಂಕ್ರಾಮಿಕದ ದಿನಗಳಲ್ಲಿ 'ಜ್ಯಾಕ್‌ಟ್ರಿಪ್', 'ಜಾಮುಲಸ್' ಮೊದಲಾದ ಅಲ್ಪತಡದ ತಂತ್ರಾಂಶಗಳು ಎಲ್ಲೆಡೆ ಬಳಕೆಗೆ ಬಂದವು. ಎರಡೂ ಅದಕ್ಕೂ ಎಷ್ಟೋ ವರ್ಷ ಮೊದಲೇ ಸಿದ್ಧವಾಗಿದ್ದವು. ಧ್ವನಿಯನ್ನು ಸಣ್ಣ ಸಣ್ಣ ಕಟ್ಟುಗಳಲ್ಲಿ ಕಳಿಸುತ್ತ ಇವು ತಡವನ್ನು ಸಾಧ್ಯವಾದಷ್ಟು ಹಿಂಡುತ್ತವೆ. ಆದರೆ ಗಾಜಿನ ತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಬೆಂಗಳೂರಿನಿಂದ ಮೈಸೂರಿಗೆ ಹೋಗಲು ಅದಕ್ಕೆ ಒಂದು ಮಿಲಿಸೆಕೆಂಡೂ ಬೇಡ. ಉಳಿದ ತಡವೆಲ್ಲ ನಡುವಣ ಯಂತ್ರಗಳದ್ದು, ಅದನ್ನು ಇಳಿಸಬಹುದು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 14,000 ಕಿಲೋಮೀಟರ್. ತಂತು ನೇರವಾಗಿಯೇ ಹಾಯ್ದಿದ್ದರೂ ಒಂದು ದಿಕ್ಕಿಗೆ 70 ಮಿಲಿಸೆಕೆಂಡ್ ಬೇಕು. ಇದನ್ನು ಯಾವ ತಂತ್ರಾಂಶವೂ ಇಳಿಸಲಾರದು.

ಆದ್ದರಿಂದ ಆ ಎರಡು ಊರುಗಳ ಸಂಗೀತಗಾರರ ನಡುವೆ ಹರಿದಾಡುವುದು ಇಂದಿಗೂ ಕಡತಗಳೇ. ಆದರೆ ಅವು ಈಗ ಬೇರೆ ಬಗೆಯವು. 1997ರಲ್ಲಿ ಬೆಲ್ಜಿಯಂನ ಇಮೇಜ್-ಲೈನ್ ಸಂಸ್ಥೆಯಿಂದ 'ಫ್ರೂಟಿಲೂಪ್ಸ್' ಎಂಬ ಹೆಸರಿನಲ್ಲಿ ಬಂದು 2003ರಲ್ಲಿ 'ಎಫ್‌ಎಲ್ ಸ್ಟುಡಿಯೋ' ಆದ ತಂತ್ರಾಂಶದ ಕಡತದಲ್ಲಿ ಸಾಮಾನ್ಯವಾಗಿ ರಚನೆಯ ವಿನ್ಯಾಸವಷ್ಟೇ ಇರುತ್ತದೆ. ಧ್ವನಿತುಣುಕುಗಳೂ ವಾದ್ಯದ ಉಪತಂತ್ರಾಂಶಗಳೂ ಹೊರಗೆಲ್ಲೋ ಇರುತ್ತವೆ. ಅವು ಕಳೆದರೆ ಕೃತಿ ಮೂಕವಾಗುತ್ತದೆ. 1980ರ ದಶಕದ ಅಮಿಗಾ ಮಾಡ್ಯೂಲ್ ಒಂದನ್ನು 'ಓಪನ್ ಎಂಪಿಟಿ' ತಂತ್ರಾಂಶದಲ್ಲಿ ತೆರೆದರೆ ಇಂದಿಗೂ ಪ್ರತಿಯೊಂದು ಸಾಲನ್ನೂ ಓದಬಹುದು, ಕೇಳಬಹುದು. ಅದಕ್ಕಿಂತ ಎಷ್ಟೋ ವರ್ಷ ಈಚೆಗೆ ಮನೆಯ ಗಣಕದಲ್ಲಿ ಹುಟ್ಟಿದ ಕನ್ನಡದ ಹಾಡುಗಳ ವಿಷಯದಲ್ಲಿ ಸಂಶೋಧಕನ ಕೈಗೆ ಬಹುಮಟ್ಟಿಗೆ ಸಿಗುವುದು ಅಂತಿಮ ಧ್ವನಿಮುದ್ರಿಕೆ ಮಾತ್ರ. ಗ್ರಂಥಾಲಯದ ಸೂಚಿಯಲ್ಲಿ ದಾಖಲಾಗುವುದೂ ಅದೇ.